ಕುಡುಗೋಲು ರಕ್ತಕಣವೂ ಜನಾಂಗದ ಕಲ್ಪನೆಯೂ: ಒಂದು ಐತಿಹಾಸಿಕ ವಿವೇಚನೆ

೧

ರಕ್ತವನ್ನು ಕುಲದ ಕುರುಹಾಗಿ ಎಣಿಸುವ ವಾಡಿಕೆ ಬಹಳ ಹಳೆಯದು. ರಕ್ತಸಂಬಂಧ, ಒಂದೇ ರಕ್ತದವರು, ರಕ್ತಗತವಾದ ಗುಣ ಎಂಬ ಮಾತುಗಳು ನಮ್ಮ ದಿನಬಳಕೆಯಲ್ಲಿ ಇಂದಿಗೂ ಉಳಿದಿವೆ. ಅವು ಬರಿಯ ಮಾತುಗಳಾಗಿಯೇ ಉಳಿದಿದ್ದ ಪಕ್ಷದಲ್ಲಿ ಚರಿತ್ರಕಾರನು ಅವನ್ನು ಕುರಿತು ಹೆಚ್ಚು ಚಿಂತಿಸಬೇಕಾಗಿರಲಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ಭಾವನೆ ವೈದ್ಯಶಾಸ್ತ್ರವನ್ನೂ ಹೊಕ್ಕಿತು. ಕೆಂಪು ರಕ್ತಕಣಗಳಿಗೆ ತಗಲುವ ಒಂದು ವ್ಯಾಧಿಯನ್ನು ಒಂದು ಜನಾಂಗದ ಲಕ್ಷಣವೆಂದು ವಿದ್ವಾಂಸರು ಬರೆದರು, ವಿದ್ಯಾರ್ಥಿಗಳು ಓದಿದರು, ಕಾಲಕ್ರಮದಲ್ಲಿ ಶಾಸನಕರ್ತರೂ ಅದನ್ನು ನಂಬಿ ನಡೆದರು. ಆ ವ್ಯಾಧಿಯೇ ಕುಡುಗೋಲುಕಣ ರಕ್ತಹೀನತೆ. ಆಸ್ಪತ್ರೆಗಳಲ್ಲಿ ಸಿಕಲ್ ಸೆಲ್ ಎಂಬ ಹೆಸರಿನಿಂದಲೇ ಅದು ಪರಿಚಿತವಾಗಿದೆ.

ಈ ವ್ಯಾಧಿಯ ಚರಿತ್ರೆಯನ್ನು ವೈದ್ಯರು ಹಲವು ಬಾರಿ ಬರೆದಿದ್ದಾರೆ. ಅವರ ಬರಹಗಳಲ್ಲಿ ಅದು ಸಾಮಾನ್ಯವಾಗಿ ವಿಜ್ಞಾನದ ವಿಜಯಯಾತ್ರೆಯಾಗಿ ಕಾಣಿಸುತ್ತದೆ: ೧೯೧೦ರಲ್ಲಿ ಕಣದ ಆಕಾರ, ೧೯೪೯ರಲ್ಲಿ ಅಣು, ೧೯೫೬ರಲ್ಲಿ ಆ ಅಣುವಿನ ದೋಷ. ಈ ನಿರೂಪಣೆ ಸುಳ್ಳಲ್ಲ. ಆದರೆ ಅದು ಅರ್ಧ ಚರಿತ್ರೆ. ಕಣವನ್ನು ಕಂಡ ಕಣ್ಣುಗಳು ಯಾವ ಸಮಾಜದವು, ಅವು ಎಲ್ಲಿ ಹುಡುಕಿದವು, ಎಲ್ಲಿ ಹುಡುಕಲಿಲ್ಲ ಎಂಬ ಪ್ರಶ್ನೆಗಳು ಅದರಲ್ಲಿ ಬರುವುದಿಲ್ಲ. ಪ್ರಕೃತ ಲೇಖನದಲ್ಲಿ ನಾವು ಆ ಇನ್ನೊಂದು ಅರ್ಧವನ್ನು ಪರಿಶೀಲಿಸಲು ಯತ್ನಿಸುತ್ತೇವೆ. ೧೯೫೨ರಲ್ಲಿ ನಮ್ಮ ನೆರೆಯ ನೀಲಗಿರಿಯಿಂದ ಬಂದ ಒಂದು ಸಂಶೋಧನೆ ಈ ಕಥೆಯ ಗತಿಯನ್ನು ತಿರುಗಿಸಿತೆಂಬುದೂ, ತಿರುಗಿಸಿದವರೇ ಹಳೆಯ ಕಲ್ಪನೆಯಿಂದ ಪೂರ್ಣವಾಗಿ ಬಿಡಿಸಿಕೊಳ್ಳಲಾರದೆ ಹೋದರೆಂಬುದೂ ನಮ್ಮ ವಿವೇಚನೆಯ ಮುಖ್ಯ ವಿಷಯ.

೨

ಚರಿತ್ರೆಗೆ ಹೋಗುವ ಮುನ್ನ ಕೆಂಪು ಕಣದ ಸ್ವರೂಪವನ್ನು ಸಂಗ್ರಹವಾಗಿ ಹೇಳುವುದು ಅವಶ್ಯಕ. ಹಾಲೆಂಡಿನ ಆಂಟನಿ ಫಾನ್ ಲೇವೆನ್‌ಹುಕ್ ೧೬೭೪ರಲ್ಲಿ ತನ್ನ ಸೂಕ್ಷ್ಮದರ್ಶಕದ ಮೂಲಕ ಮನುಷ್ಯರಕ್ತದ ಕೆಂಪು ಕಣಗಳನ್ನು ಕಂಡು ವರ್ಣಿಸಿದನು. ಈ ಕಣವು ನಡುವೆ ಎರಡು ಕಡೆಯೂ ತಗ್ಗಾದ ದುಂಡು ಬಿಲ್ಲೆ. ಇದರ ಅಡ್ಡಳತೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಏಳೆಂಟು ಪಾಲು. ಆರೋಗ್ಯವಂತನ ಒಂದು ಘನ ಮಿಲಿಮೀಟರು ರಕ್ತದಲ್ಲಿ ಇಂತಹ ಕಣಗಳು ಸುಮಾರು ೫೦ ಲಕ್ಷ ಇರುತ್ತವೆ. ಪ್ರತಿಯೊಂದು ಕಣದ ಆಯುಸ್ಸು ಸುಮಾರು ೧೨೦ ದಿನ. ಕಣದೊಳಗೆ ತುಂಬಿರುವ ಹೀಮೋಗ್ಲೋಬಿನ್ ಎಂಬ ಪ್ರೋಟೀನು ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿದು ಅಂಗಾಂಗಗಳಿಗೆ ಒಯ್ದು ಬಿಡುತ್ತದೆ.

ಕುಡುಗೋಲುಕಣ ವ್ಯಾಧಿಯಲ್ಲಿ ಈ ಹೀಮೋಗ್ಲೋಬಿನ್ ಆಮ್ಲಜನಕವನ್ನು ಬಿಟ್ಟುಕೊಟ್ಟೊಡನೆ ತನ್ನ ತನ್ನಲ್ಲೇ ಅಂಟಿಕೊಂಡು ಉದ್ದನೆಯ ಎಳೆಗಳಾಗುತ್ತದೆ. ಆ ಎಳೆಗಳ ಒತ್ತಡದಿಂದ ದುಂಡು ಕಣ ಬಾಗಿ ಕುಡುಗೋಲಿನ ಆಕಾರವನ್ನು ತಾಳುತ್ತದೆ. ಮೆತುವನ್ನು ಕಳೆದುಕೊಂಡ ಕಣ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡ ಕಡೆ ಅಸಹನೀಯವಾದ ನೋವು ಹುಟ್ಟುತ್ತದೆ. ಇಂತಹ ಕಣಗಳು ೧೦–೨೦ ದಿನಗಳಲ್ಲಿಯೇ ನಾಶವಾಗುವುದರಿಂದ ರಕ್ತಹೀನತೆಯೂ ಒದಗುತ್ತದೆ. ಗುಲ್ಮ, ಮೂತ್ರಪಿಂಡ, ಮೂಳೆ, ಮಿದುಳು ಎಲ್ಲಕ್ಕೂ ಕ್ರಮೇಣ ಹಾನಿ ತಟ್ಟುತ್ತದೆ.

ಇಲ್ಲಿ ಒಂದು ಭೇದವನ್ನು ವಾಚಕರು ನೆನಪಿನಲ್ಲಿಡಬೇಕು. ದೋಷವುಳ್ಳ ವಂಶವಾಹಿಯನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದ ಮಗುವಿಗೆ ಕುಡುಗೋಲುಕಣ ರಕ್ತಹೀನತೆ ಬರುತ್ತದೆ. ಒಬ್ಬರಿಂದ ಮಾತ್ರ ಪಡೆದು, ಇನ್ನೊಬ್ಬರಿಂದ ಸಹಜವಾದ ವಂಶವಾಹಿಯನ್ನು ಪಡೆದವನು ಅದರ ವಾಹಕನಷ್ಟೆ. ಸಾಮಾನ್ಯವಾಗಿ ಅವನು ರೋಗಿಯಲ್ಲ. ವಾಹಕರಾದ ಇಬ್ಬರು ಮದುವೆಯಾದರೆ ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ವಾಹಕನನ್ನೂ ರೋಗಿಯನ್ನೂ ಒಂದೆಂದು ತಿಳಿದುದರಿಂದ ಆದ ಅನ್ಯಾಯ ಸಣ್ಣದಲ್ಲ. ಅದನ್ನು ಮುಂದೆ ನೋಡುವೆವು.

೩

ಈ ವ್ಯಾಧಿಯ ಲಿಖಿತ ಚರಿತ್ರೆ ಅಮೆರಿಕೆಯ ಷಿಕಾಗೊ ನಗರದಲ್ಲಿ ಆರಂಭವಾಗುತ್ತದೆ. ವಾಲ್ಟರ್ ಕ್ಲೆಮೆಂಟ್ ನೋಯೆಲ್ ಎಂಬ ಇಪ್ಪತ್ತು ವರ್ಷದ ತರುಣ ವೆಸ್ಟ್ ಇಂಡೀಸಿನ ಗ್ರೆನಡ ದ್ವೀಪದಿಂದ ದಂತವೈದ್ಯವನ್ನು ಕಲಿಯಲು ಅಲ್ಲಿಗೆ ಬಂದಿದ್ದನು. ೧೯೦೪ರ ಡಿಸೆಂಬರ್ ೨೬ರಂದು ಅವನು ಉಸಿರಾಟದ ತೊಂದರೆ ಮತ್ತು ನಿಶ್ಶಕ್ತಿಯಿಂದ ಪ್ರೆಸ್ಬಿಟೀರಿಯನ್ ಆಸ್ಪತ್ರೆಯನ್ನು ಸೇರಿದನು. ಅಲ್ಲಿನ ಕಿರಿಯ ವೈದ್ಯ ಅರ್ನೆಸ್ಟ್ ಐರನ್ಸ್ ಅವನ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಉದ್ದವಾಗಿ ಬಾಗಿದ ವಿಚಿತ್ರ ಕಣಗಳನ್ನು ಕಂಡು ಚಿತ್ರ ಬರೆದಿಟ್ಟನು. ಹಿರಿಯ ವೈದ್ಯ ಜೇಮ್ಸ್ ಹೆರಿಕ್ ರೋಗಿಯನ್ನು ಕೆಲಕಾಲ ಗಮನಿಸಿ, ೧೯೧೦ರ ನವೆಂಬರಿನಲ್ಲಿ ತನ್ನ ಪ್ರಸಿದ್ಧ ವರದಿಯನ್ನು ಪ್ರಕಟಿಸಿದನು. ವರದಿಯ ಶೀರ್ಷಿಕೆಯಲ್ಲಿ ಕಣದ ಆಕಾರದ ಮಾತಿದೆ, ತೀವ್ರ ರಕ್ತಹೀನತೆಯ ಮಾತಿದೆ, ಜನಾಂಗದ ಮಾತಿಲ್ಲ. ಇದು ಹೊಸ ರೋಗವೋ ಬೇರೊಂದು ರೋಗದ ಪರಿಣಾಮವೋ ಎಂಬುದನ್ನು ಹೆರಿಕ್ ನಿಶ್ಚಯಿಸಲಿಲ್ಲ. ಈ ಸಂಯಮ ಮೆಚ್ಚತಕ್ಕದ್ದು.

ನೋಯೆಲ್ ವ್ಯಾಸಂಗವನ್ನು ಮುಗಿಸಿ ಸ್ವದೇಶಕ್ಕೆ ಹಿಂದಿರುಗಿ, ದಂತವೈದ್ಯನಾಗಿ ಕೆಲವು ವರ್ಷ ವೃತ್ತಿ ನಡೆಸಿ, ೧೯೧೬ರಲ್ಲಿ ತನ್ನ ಮೂವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡನು. ಬಹುಕಾಲದವರೆಗೆ ವೈದ್ಯಗ್ರಂಥಗಳಲ್ಲಿ ಅವನ ಹೆಸರು ಇರಲಿಲ್ಲ. ಹೆರಿಕ್‌ನ ರೋಗಿ ಎಂಬುದಿಷ್ಟೇ ಅವನ ಪರಿಚಯವಾಗಿತ್ತು.

ಎರಡನೆಯ ರೋಗಿಯ ವರದಿ ೧೯೧೧ರಲ್ಲಿ ವರ್ಜೀನಿಯದಿಂದಲೂ ಮೂರನೆಯದು ೧೯೧೫ರಲ್ಲಿ ಸೇಂಟ್ ಲೂಯಿಯಿಂದಲೂ ಬಂದವು. ೧೯೧೭ರಲ್ಲಿ ವಿಕ್ಟರ್ ಎಮ್ಮೆಲ್ ಒಂದು ಮುಖ್ಯ ಸಂಗತಿಯನ್ನು ತೋರಿಸಿದನು. ಗಾಜಿನ ಬಿಲ್ಲೆಗಳ ನಡುವೆ ಗಾಳಿಯಾಡದಂತೆ ಮುಚ್ಚಿಟ್ಟ ರಕ್ತದಲ್ಲಿ ಕಣಗಳು ಕ್ರಮೇಣ ಕುಡುಗೋಲಿನಂತಾಗುವುವು. ಅಷ್ಟೇ ಅಲ್ಲದೆ, ರೋಗಿಯ ತಂದೆ ಆರೋಗ್ಯವಂತನಾಗಿದ್ದರೂ ಅವನ ಕಣಗಳಲ್ಲಿಯೂ ಇದೇ ಗುಣ ಕಂಡುಬಂದಿತು. ವ್ಯಾಧಿ ವಂಶಪಾರಂಪರ್ಯವಾಗಿ ಬರತಕ್ಕದ್ದೆಂಬ ಸೂಚನೆ ಹೀಗೆ ದೊರೆಯಿತು.

೧೯೨೨ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವರ್ನ್ ಮೇಸನ್ ನಾಲ್ಕನೆಯ ರೋಗಿಯನ್ನು ವರ್ಣಿಸಿ, ವ್ಯಾಧಿಗೆ ಇಂದು ರೂಢಿಯಲ್ಲಿರುವ ಹೆಸರನ್ನು ಕೊಟ್ಟನು. ನಾಲ್ವರೂ ಆಫ್ರಿಕ ಮೂಲದವರೆಂಬುದನ್ನು ಅವನು ಗುರುತಿಸಿದನು. ಗುರುತಿಸಿದ್ದು ತಪ್ಪಲ್ಲ. ಆದರೆ ಮುಂದಿನ ಲೇಖಕರ ಕೈಯಲ್ಲಿ ಈ ಅವಲೋಕನ ನಿಯಮವಾಯಿತು: ಕುಡುಗೋಲುಕಣ ಎಂಬುದು, ಅಂದಿನ ಮಾತಿನಲ್ಲಿ ಹೇಳುವುದಾದರೆ, ನೀಗ್ರೋ ರಕ್ತದ ಲಕ್ಷಣ. ನಾಲ್ಕು ನಿದರ್ಶನಗಳಿಂದ ಒಂದು ಜನಾಂಗದ ಸ್ವಭಾವವನ್ನು ಊಹಿಸಿದ ಈ ಹೆಜ್ಜೆಯಲ್ಲಿ ತರ್ಕಕ್ಕಿಂತ ಸಮಾಜದ ಪಾತ್ರವೇ ಹೆಚ್ಚಿನದು.

೪

ಆ ಕಾಲದ ಅಮೆರಿಕೆಯ ಸ್ಥಿತಿಯನ್ನು ಸ್ಮರಿಸಿದರೆ ಇದು ಸ್ಪಷ್ಟವಾಗುತ್ತದೆ. ೧೯೨೪ರಲ್ಲಿ ವರ್ಜೀನಿಯ ರಾಜ್ಯ ಜನಾಂಗಗಳ ಶುದ್ಧಿಯನ್ನು ಕಾಪಾಡುವ ಹೆಸರಿನಲ್ಲಿ ಒಂದು ಶಾಸನವನ್ನು ಮಾಡಿತು. ಬಿಳಿಯರೂ ಇತರರೂ ಪರಸ್ಪರ ಮದುವೆಯಾಗುವುದು ಅಪರಾಧವೆಂದು ಅದು ವಿಧಿಸಿತು. ಪೂರ್ವಿಕರಲ್ಲಿ ಒಬ್ಬ ಆಫ್ರಿಕದವನಿದ್ದರೂ ಸಾಕು, ವ್ಯಕ್ತಿ ಬಿಳಿಯನಾಗಲಾರನೆಂಬ ಭಾವನೆ ಅದರ ಬೆನ್ನಿಗಿತ್ತು. ೧೯೬೭ರಲ್ಲಿ ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯ ಇಂತಹ ವಿವಾಹನಿಷೇಧಗಳನ್ನು ತೊಡೆದುಹಾಕುವವರೆಗೂ ಅವು ಊರ್ಜಿತದಲ್ಲಿದ್ದವು. ಇಂತಹ ವಾತಾವರಣದಲ್ಲಿ ರಕ್ತದ ಒಂದು ತೊಟ್ಟಿನಿಂದ ಕುಲವನ್ನು ನಿರ್ಣಯಿಸಬಹುದೆಂಬ ವಾರ್ತೆಗೆ ಕಿವಿಗೊಡುವವರು ಅನೇಕರಿದ್ದರು.

ಆದರೆ ವಿರುದ್ಧ ನಿದರ್ಶನಗಳು ಬಾರದೆ ಇರಲಿಲ್ಲ. ೧೯೨೯ರಲ್ಲಿ ಡೆಟ್ರಾಯಿಟಿನ ಥಾಮಸ್ ಕೂಲಿ ಮತ್ತು ಪರ್ಲ್ ಲೀ ಒಂದು ಗ್ರೀಕ್ ಕುಟುಂಬದಲ್ಲಿ ಈ ವ್ಯಾಧಿಯನ್ನು ವರ್ಣಿಸಿದರು. ನಿಯಮಕ್ಕೆ ಬಾಧೆ ಬಂದಾಗ ನಿಯಮವನ್ನು ತಿದ್ದುವುದು ವಿವೇಕಿಗಳ ಲಕ್ಷಣ. ಇಲ್ಲಿ ನಡೆದುದು ಬೇರೆ. ಬಿಳಿಯನೆನಿಸಿಕೊಂಡವನಲ್ಲಿ ಕುಡುಗೋಲುಕಣ ಕಂಡರೆ, ಅವನ ಪೂರ್ವಿಕರಲ್ಲಿ ಯಾರೋ ಒಬ್ಬರು ಆಫ್ರಿಕದವರಿದ್ದಿರಬೇಕೆಂದು ಅನೇಕ ವೈದ್ಯರು ಶಂಕಿಸಿದರು. ರೋಗಿಯ ವಂಶಾವಳಿಯನ್ನು ಕೆದಕಿದರು. ಆಫ್ರಿಕ ಮೂಲದವರಿಗೇ ಈ ಗುಣ ಬರುವುದೆಂಬುದಕ್ಕೆ ಆಧಾರವೇನು? ಈ ಗುಣವಿರುವವರೆಲ್ಲ ಆಫ್ರಿಕ ಮೂಲದವರಾಗಿರುವುದು. ಇವನು ಆಫ್ರಿಕ ಮೂಲದವನೆಂಬುದಕ್ಕೆ ಆಧಾರವೇನು? ಇವನಲ್ಲಿ ಈ ಗುಣವಿರುವುದು. ನಮ್ಮ ನೈಯಾಯಿಕರು ಅನ್ಯೋನ್ಯಾಶ್ರಯವೆಂದು ಕರೆಯುವ ದೋಷಕ್ಕೆ ಇದಕ್ಕಿಂತ ಸ್ಫುಟವಾದ ಉದಾಹರಣೆ ದೊರೆಯುವುದು ಕಷ್ಟ. ಇಂತಹ ವಾದವನ್ನು ಯಾವ ಪ್ರಮಾಣವೂ ಖಂಡಿಸಲಾರದು. ಏಕೆಂದರೆ ವಿರುದ್ಧವಾಗಿ ಬಂದ ಪ್ರತಿಯೊಂದು ಪ್ರಮಾಣವನ್ನೂ ಅದು ತನ್ನ ಪರವಾಗಿಯೇ ತಿರುಗಿಸಿಕೊಳ್ಳುತ್ತದೆ.

ಈ ದೋಷದ ಫಲವನ್ನು ಅನುಭವಿಸಿದವರು ರೋಗಿಗಳು. ಇತರರಲ್ಲಿ ರೋಗವನ್ನು ಹುಡುಕುವ ಪ್ರಯತ್ನವೇ ನಡೆಯಲಿಲ್ಲ. ಆಫ್ರಿಕ ಮೂಲದವರಲ್ಲಾದರೋ ವಾಹಕನಿಗೂ ರೋಗಿಗೂ ಇರುವ ಭೇದವೇ ಬಹುಕಾಲ ಮಸುಕಾಗಿತ್ತು. ೧೯೩೩ರಲ್ಲಿ ಮೆಂಫಿಸಿನ ಲೆಮ್ಯುಯೆಲ್ ಡಿಗ್ಸ್ ಮತ್ತು ಅವನ ಸಹೋದ್ಯೋಗಿಗಳು ಈ ಭೇದವನ್ನು ಸ್ಪಷ್ಟವಾಗಿ ಪ್ರತಿಪಾದಿಸಿದರು.

೫

೧೯೪೯ನೆಯ ಇಸವಿ ಈ ಚರಿತ್ರೆಯ ಸಂಧಿಕಾಲ. ಆ ವರ್ಷ ಅಮೆರಿಕೆಯ ಜೇಮ್ಸ್ ನೀಲ್ ಮತ್ತು ಮಧ್ಯ ಆಫ್ರಿಕದಲ್ಲಿ ವೈದ್ಯನಾಗಿದ್ದ ಇ. ಎ. ಬೀಟ್ ಇಬ್ಬರೂ ಬೇರೆಬೇರೆಯಾಗಿ ವ್ಯಾಧಿಯ ಆನುವಂಶಿಕ ನಿಯಮವನ್ನು ಸ್ಥಾಪಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಲೀನಸ್ ಪಾಲಿಂಗ್, ಹಾರ್ವೆ ಇಟಾನೊ, ಸಿಂಗರ್ ಮತ್ತು ವೆಲ್ಸ್ ಸೇರಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ರೋಗಿಯ ಹೀಮೋಗ್ಲೋಬಿನ್ ಮತ್ತು ಆರೋಗ್ಯವಂತನ ಹೀಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಬೇರೆಬೇರೆ ವೇಗದಿಂದ ಚಲಿಸುವುವು. ವಾಹಕನಲ್ಲಿ ಎರಡೂ ಬೆರೆತಿರುವುವು ಎಂದು ಅವರು ತೋರಿಸಿದರು. ರೋಗದ ಮೂಲ ಒಂದು ಅಣುವಿನಲ್ಲಿದೆಯೆಂಬ ಕಲ್ಪನೆ ಅಂದು ಹೊಸದು. ೧೯೫೬ರಲ್ಲಿ ಕೇಂಬ್ರಿಜಿನ ವರ್ನನ್ ಇಂಗ್ರಾಂ ಈ ಎರಡು ಅಣುಗಳಿಗಿರುವ ಅಂತರ ಅತ್ಯಲ್ಪವಾದದ್ದೆಂದು ಕಂಡುಕೊಂಡನು. ಮರುವರ್ಷ ಅದನ್ನು ಖಚಿತಪಡಿಸಿದನು. ಹೀಮೋಗ್ಲೋಬಿನ್ನಿನ ಬೀಟಾ ಸರಪಣಿಯಲ್ಲಿ ೧೪೬ ಅಮೈನೋ ಆಮ್ಲಗಳಿವೆ. ಅವುಗಳಲ್ಲಿ ಆರನೆಯದು ಗ್ಲುಟಾಮಿಕ್ ಆಮ್ಲವಾಗಿರಬೇಕಾದಲ್ಲಿ ವ್ಯಾಲೀನ್ ಇದೆ. ವ್ಯತ್ಯಾಸ ಇಷ್ಟೇ.

ಚರಿತ್ರೆಯ ದೃಷ್ಟಿಯಿಂದ ಈ ಶೋಧಗಳ ಮಹತ್ವವೇನೆಂದರೆ, ಇನ್ನು ಮುಂದೆ ರೋಗವನ್ನು ನಿರ್ಣಯಿಸಲು ಚರ್ಮದ ಬಣ್ಣವನ್ನಾಗಲಿ ವಂಶಾವಳಿಯನ್ನಾಗಲಿ ಕೇಳಬೇಕಾದ ಅವಶ್ಯಕತೆ ಉಳಿಯಲಿಲ್ಲ. ಅಣುವೇ ಸಾಕ್ಷಿ ಹೇಳುತ್ತಿತ್ತು. ಆದರೆ ಸಾಧನ ದೊರೆತ ಮಾತ್ರಕ್ಕೆ ಭಾವನೆ ಬದಲಾಗುವುದಿಲ್ಲ. ಭಾವನೆಗೆ ಪೆಟ್ಟು ಬಿದ್ದುದು ಪ್ರಯೋಗಶಾಲೆಯಲ್ಲಿ ಅಲ್ಲ, ನೀಲಗಿರಿಯಲ್ಲಿ.

೬

ಹರ್ಮನ್ ಲೇಮಾನ್ ಜರ್ಮನಿಯಲ್ಲಿ ಹುಟ್ಟಿ, ಯೆಹೂದಿ ಮೂಲದವನಾದುದರಿಂದ ನಾಜಿಗಳ ಆಳ್ವಿಕೆಯಲ್ಲಿ ಸ್ವದೇಶವನ್ನು ಬಿಟ್ಟು ಇಂಗ್ಲೆಂಡಿಗೆ ಬಂದ ವೈದ್ಯವಿಜ್ಞಾನಿ. ಯುದ್ಧಾನಂತರ ಉಗಾಂಡದಲ್ಲಿ ಕೆಲಸ ಮಾಡಿ, ಅಲ್ಲಿಯ ಜನರಲ್ಲಿ ಕುಡುಗೋಲುಕಣ ಎಷ್ಟೆಷ್ಟು ಹರಡಿದೆ ಎಂಬುದನ್ನು ೧೯೪೯ರಲ್ಲಿ ರೇಪರ್ ಎಂಬ ವೈದ್ಯನೊಡನೆ ಪ್ರಕಟಿಸಿದ್ದನು. ೧೯೫೨ರಲ್ಲಿ ಅವನೂ, ರಕ್ತದ ಗುಂಪುಗಳ ಅಭ್ಯಾಸದಲ್ಲಿ ಪರಿಣತಳಾಗಿದ್ದ ಮೇರಿ ಕಟ್‌ಬುಷ್ ಎಂಬಾಕೆಯೂ ಸೇರಿ, ದಕ್ಷಿಣ ಭಾರತದಲ್ಲಿ ಕುಡುಗೋಲುಕಣದ ಗುಣವಿರುವುದನ್ನು ಬ್ರಿಟನ್ನಿನ ವೈದ್ಯಪತ್ರಿಕೆಯೊಂದರಲ್ಲಿ ವರದಿ ಮಾಡಿದರು. ನೀಲಗಿರಿಯ ಗಿರಿಜನರನ್ನು ಪರೀಕ್ಷಿಸಿದಾಗ, ಇರುಳರೇ ಮುಂತಾದ ಕೆಲವು ಗುಂಪುಗಳಲ್ಲಿ ನೂರಕ್ಕೆ ಸುಮಾರು ೩೦ರವರೆಗೂ ವಾಹಕರಿದ್ದರು. ಇದು ಆಫ್ರಿಕದ ಅನೇಕ ಪ್ರದೇಶಗಳ ಪ್ರಮಾಣಕ್ಕೆ ಸರಿಸಮಾನವಾದದ್ದು. ಅದೇ ವರ್ಷ ಅಸ್ಸಾಮಿನ ಮೇಲ್ಭಾಗದ ಚಹಾ ತೋಟದ ಕೂಲಿಗಳಲ್ಲಿ ಈ ವ್ಯಾಧಿ ಇರುವುದನ್ನು ಡನ್‌ಲಪ್ ಮತ್ತು ಮಜುಂದಾರ್ ವರದಿ ಮಾಡಿದರು.

ನೀಲಗಿರಿಯ ಕಾಡುಜನರ ಪೂರ್ವಿಕರು ಯಾವ ಹಡಗಿನಲ್ಲಿ ಅಮೆರಿಕೆಯಿಂದಲೋ ಆಫ್ರಿಕದಿಂದಲೋ ಬಂದರೆಂದು ಹೇಳುವುದು ಸಾಧ್ಯವಿರಲಿಲ್ಲ. ಮೂರು ದಶಕಗಳ ಅನ್ಯೋನ್ಯಾಶ್ರಯ ಇಲ್ಲಿ ಮುರಿದುಬಿತ್ತು. ಕುಡುಗೋಲುಕಣ ಆಫ್ರಿಕದವರಿಗೆ ಮಾತ್ರ ಸೇರಿದ್ದೆಂಬ ಮಾತನ್ನು ಇನ್ನು ಯಾರೂ ಸಮರ್ಥಿಸುವಂತಿರಲಿಲ್ಲ.

ಆದರೆ ಲೇಮಾನ್ ಅದಕ್ಕೆ ಕೊಟ್ಟ ವಿವರಣೆಯನ್ನು ನೋಡಿದರೆ ನಮಗೆ ಆಶ್ಚರ್ಯವಾಗುತ್ತದೆ. ಈ ಗಿರಿಜನರನ್ನು ಅಂದಿನ ಮಾನವಶಾಸ್ತ್ರದ ಪರಿಭಾಷೆಯಂತೆ ಅವನು ವೆಡ್ಡಾಯಿಡ್ ಎಂಬ ಪ್ರಾಚೀನ ಜನಾಂಗಕ್ಕೆ ಸೇರಿಸಿದನು. ಪೂರ್ವಕಾಲದಲ್ಲಿ ಅರೇಬಿಯದ ಕಡೆಯಲ್ಲಿದ್ದ ಇಂತಹ ಜನರಿಂದ ಈ ಗುಣ ಒಂದು ಕವಲಾಗಿ ಭಾರತಕ್ಕೂ ಇನ್ನೊಂದು ಕವಲಾಗಿ ಆಫ್ರಿಕಕ್ಕೂ ಹರಿದಿರಬಹುದೆಂದು ಊಹಿಸಿದನು. ಅಂದರೆ, ನೀಗ್ರೋ ರಕ್ತದ ಗುರುತಾಗಿದ್ದುದು ಈಗ ವೆಡ್ಡಾಯಿಡ್ ರಕ್ತದ ಗುರುತಾಯಿತು. ಜನಾಂಗದ ಹೆಸರು ಬದಲಾಯಿತೇ ಹೊರತು, ರಕ್ತದಲ್ಲಿ ಜನಾಂಗವನ್ನು ಓದುವ ಪದ್ಧತಿ ಬದಲಾಗಲಿಲ್ಲ. ಜನಾಂಗವಾದದಿಂದ ಸ್ವತಃ ನೊಂದು ಬಂದ ವಿದ್ವಾಂಸನೊಬ್ಬ, ಯಾವ ದುರುದ್ದೇಶವೂ ಇಲ್ಲದೆ, ಜನಾಂಗದ ಚೌಕಟ್ಟಿನಲ್ಲಿಯೇ ಆಲೋಚಿಸಿದನೆಂಬುದು ಆ ಚೌಕಟ್ಟು ಎಷ್ಟು ಗಟ್ಟಿಯಾಗಿತ್ತೆಂಬುದನ್ನು ತೋರಿಸುತ್ತದೆ. ಮುಂದೆ ವೆಡ್ಡಾಯಿಡ್ ಎಂಬ ಹೆಸರಿಗೆ ಕಾರಣರಾದ ಸಿಂಹಳದ ವೆಡ್ಡರನ್ನೇ ಪರೀಕ್ಷಿಸಿದಾಗ ಎದ್ದುಕಂಡುದು ಇ ಎಂಬ ಬೇರೊಂದು ಬಗೆಯ ಹೀಮೋಗ್ಲೋಬಿನ್. ಅದು ಆಗ್ನೇಯ ಏಷ್ಯದಲ್ಲಿ ಹೇರಳವಾಗಿರತಕ್ಕದ್ದು.

೭

ಹಾಗಾದರೆ ಗ್ರೀಸಿನಲ್ಲಿಯೂ ಉಗಾಂಡದಲ್ಲಿಯೂ ನೀಲಗಿರಿಯಲ್ಲಿಯೂ ಒಂದೇ ಗುಣ ಕಾಣಲು ಕಾರಣವೇನು? ಉತ್ತರ ಮಲೇರಿಯದ ಕಡೆಯಿಂದ ಬಂದಿತು. ಮೆಡಿಟರೇನಿಯನ್ ತೀರದ ಜನರಲ್ಲಿ ಕಾಣುವ ಥಾಲಸೀಮಿಯ ಎಂಬ ಮತ್ತೊಂದು ರಕ್ತಕಣ ವ್ಯಾಧಿಯ ವಾಹಕರು ಮಲೇರಿಯಕ್ಕೆ ಸುಲಭವಾಗಿ ತುತ್ತಾಗದಿರಬಹುದೆಂದು ಜೆ. ಬಿ. ಎಸ್. ಹಾಲ್ಡೇನ್ ೧೯೪೯ರ ವೇಳೆಗೆ ಸೂಚಿಸಿದ್ದನು. ಈ ಹಾಲ್ಡೇನನೇ ೧೯೫೭ರಲ್ಲಿ ಭಾರತಕ್ಕೆ ಬಂದು ನೆಲೆಸಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡನು. ಕೀನ್ಯದಲ್ಲಿ ಬೆಳೆದ ಆಂಟನಿ ಆಲಿಸನ್ ಎಂಬ ವೈದ್ಯ, ಪೂರ್ವ ಆಫ್ರಿಕದಲ್ಲಿ ಮಲೇರಿಯ ಹೆಚ್ಚಾಗಿರುವ ತಗ್ಗುನೆಲದ ಜನರಲ್ಲಿ ಕುಡುಗೋಲುಕಣವೂ ಹೆಚ್ಚಾಗಿರುವುದನ್ನೂ, ಎತ್ತರದ ತಂಪುನೆಲದವರಲ್ಲಿ ಅದು ವಿರಳವಾಗಿರುವುದನ್ನೂ ಗಮನಿಸಿ, ೧೯೫೪ರಲ್ಲಿ ತನ್ನ ಸಿದ್ಧಾಂತವನ್ನು ಪ್ರಕಟಿಸಿದನು. ಲೂವೊ ಜನರಲ್ಲಿ ವಾಹಕರಾದ ೧೫ ಮಂದಿಗೂ ವಾಹಕರಲ್ಲದ ೧೫ ಮಂದಿಗೂ ಅವನು ಮಲೇರಿಯದ ಸೋಂಕನ್ನು ತಗುಲಿಸಿದನು. ವಾಹಕರಲ್ಲಿ ಇಬ್ಬರಿಗೂ ಇತರರಲ್ಲಿ ೧೪ ಮಂದಿಗೂ ಸೋಂಕು ತಗಲಿತು. ಮನುಷ್ಯರ ಮೇಲೆ ಇಂತಹ ಪ್ರಯೋಗವನ್ನು ಇಂದು ಯಾವ ಸಮಿತಿಯೂ ಸುಲಭವಾಗಿ ಒಪ್ಪಲಾರದು. ವಸಾಹತುಗಳಲ್ಲಿ ಜ್ಞಾನಸಂಪಾದನೆ ನಡೆದ ರೀತಿಗೆ ಇದೂ ಒಂದು ಸಾಕ್ಷಿಯೆಂಬುದನ್ನು ಮರೆಯಬಾರದು.

ಆಲಿಸನ್ನನ ಸಿದ್ಧಾಂತದಂತೆ, ವಾಹಕನಾಗಿರುವುದು ಮಲೇರಿಯದ ನೆಲದಲ್ಲಿ ಬದುಕಲು ಅನುಕೂಲ. ಆದುದರಿಂದ ದೋಷವುಳ್ಳ ವಂಶವಾಹಿ ಅಲ್ಲಿ ಅಳಿಯದೆ ಉಳಿಯುತ್ತದೆ. ಕುಡುಗೋಲುಕಣ ಹೇಳುವುದು ಜನಾಂಗದ ಕಥೆಯನ್ನಲ್ಲ, ನೆಲ ನೀರು ಸೊಳ್ಳೆಗಳ ಕಥೆಯನ್ನು. ಗ್ರೀಸಿನಲ್ಲಿ ಈ ಗುಣ ಹೆಚ್ಚಾಗಿ ಕಂಡುಬಂದ ಕೋಪಯಿಸ್ ಸರೋವರದ ಸುತ್ತಣ ಪ್ರದೇಶ ಹಿಂದೆ ಜೌಗುನೆಲವಾಗಿತ್ತು. ನೀಲಗಿರಿಯ ತಪ್ಪಲು, ಮೋಯಾರು ಕಣಿವೆ, ವಯನಾಡು ಇವು ಬ್ರಿಟಿಷರ ಕಾಲದಲ್ಲಿ ಕಾಡುಜ್ವರಕ್ಕೆ ಕುಪ್ರಸಿದ್ಧವಾಗಿದ್ದವು. ದೂರದೂರದ ಈ ಸ್ಥಳಗಳನ್ನು ಒಂದುಗೂಡಿಸುವುದು ಕುಲವಲ್ಲ, ಜ್ವರ.

ಇರಲಿ. ಈ ಗುಣ ಎಲ್ಲಿ ಮೊದಲು ಹುಟ್ಟಿತೆಂಬ ಪ್ರಶ್ನೆ ಬೇರೆ; ಅದರ ಚರ್ಚೆ ಇನ್ನೂ ಮುಗಿದಿಲ್ಲ. ೧೯೮೦ರ ದಶಕದಲ್ಲಿ ವಂಶವಾಹಿಯ ಸುತ್ತಲಿನ ಡಿ.ಎನ್.ಎ. ರಚನೆಯನ್ನು ಪರಿಶೀಲಿಸಿದವರು ಆಫ್ರಿಕದಲ್ಲಿ ಹಲವು ಮಾದರಿಗಳನ್ನೂ, ಭಾರತ ಹಾಗೂ ಪೂರ್ವ ಅರೇಬಿಯಗಳಿಗೆ ಸಮಾನವಾದ ಮತ್ತೊಂದು ಮಾದರಿಯನ್ನೂ ಕಂಡು, ಈ ದೋಷ ಏಷ್ಯದಲ್ಲಿ ಸ್ವತಂತ್ರವಾಗಿ ಹುಟ್ಟಿತೆಂದು ೧೯೮೬ರಲ್ಲಿ ವಾದಿಸಿದರು. ೨೦೧೮ರಲ್ಲಿ ಷ್ರೈನರ್ ಮತ್ತು ರೊಟಿಮಿ ಸಮಗ್ರ ಜೀನೋಮಿನ ಆಧಾರದ ಮೇಲೆ, ಸುಮಾರು ೭೩೦೦ ವರ್ಷಗಳ ಹಿಂದೆ ಆಫ್ರಿಕದಲ್ಲಿ ಒಂದೇ ಬಾರಿ ಹುಟ್ಟಿ ಹರಡಿತೆಂದು ಪ್ರತಿಪಾದಿಸಿದರು. ಯಾವ ಪಕ್ಷ ಗೆದ್ದರೂ ನಮ್ಮ ವಾದಕ್ಕೆ ಹಾನಿಯಿಲ್ಲ. ವಂಶವಾಹಿ ಒಂದೇ ಕಡೆ ಹುಟ್ಟಿದ್ದರೂ, ಅದನ್ನು ಇಂದು ಹೊತ್ತವರೆಲ್ಲ ಒಂದು ಜನಾಂಗವಾಗುವುದಿಲ್ಲ. ನೂರಾರು ಪೀಳಿಗೆಗಳ ಬೆರಕೆಯಲ್ಲಿ ಒಂದು ವಂಶವಾಹಿ ಎತ್ತಲಿಂದ ಎತ್ತಲಿಗಾದರೂ ಸಾಗಬಹುದು.

೮

ಶಾಸ್ತ್ರ ಬಿಟ್ಟುಕೊಟ್ಟ ಕಲ್ಪನೆಯನ್ನು ಸಮಾಜ ಅಷ್ಟು ಬೇಗ ಬಿಟ್ಟುಕೊಡಲಿಲ್ಲ. ೧೯೭೦ರ ದಶಕದ ಆರಂಭದಲ್ಲಿ ಅಮೆರಿಕೆಯ ಹಲವು ರಾಜ್ಯಗಳು ಕುಡುಗೋಲುಕಣದ ಕಡ್ಡಾಯ ಪರೀಕ್ಷೆಯ ಶಾಸನಗಳನ್ನು ಮಾಡಿದವು. ಅವುಗಳಲ್ಲಿ ಕೆಲವು ಕರಿಯರಿಗಷ್ಟೇ ಅನ್ವಯಿಸುವಂತಿದ್ದವು. ವಾಹಕರನ್ನೂ ರೋಗಿಗಳನ್ನೂ ಒಂದೇ ಎಂದು ಭಾವಿಸಿದ್ದರಿಂದ ಆರೋಗ್ಯವಂತರಾದ ವಾಹಕರು ಉದ್ಯೋಗಗಳನ್ನೂ ವಿಮೆಯನ್ನೂ ಕಳೆದುಕೊಳ್ಳುವಂತಾಯಿತು. ಅಮೆರಿಕೆಯ ವಾಯುಪಡೆಯ ಅಕಾಡೆಮಿ ೧೯೮೧ರವರೆಗೂ ವಾಹಕರಿಗೆ ಪ್ರವೇಶವನ್ನು ನಿರಾಕರಿಸುತ್ತಿತ್ತು. ೧೯೭೨ರ ರಾಷ್ಟ್ರೀಯ ಶಾಸನ ಪರೀಕ್ಷೆ ಐಚ್ಛಿಕವಾಗಿರಬೇಕೆಂದು ವಿಧಿಸಿ, ಸಂಶೋಧನೆಗೆ ಹಣವನ್ನು ಒದಗಿಸಿ, ಪರಿಸ್ಥಿತಿಯನ್ನು ಸ್ವಲ್ಪಮಟ್ಟಿಗೆ ಸರಿಪಡಿಸಿತು.

ಚಿಕಿತ್ಸೆಯ ಕಡೆ ನೋಡಿದರೆ ವಿಳಂಬ ಇನ್ನೂ ಎದ್ದುಕಾಣುತ್ತದೆ. ಅಣುವಿನ ದೋಷವನ್ನು ಎಲ್ಲಕ್ಕಿಂತ ಮೊದಲು ತಿಳಿದ ವ್ಯಾಧಿಗೆ, ವಯಸ್ಕರಿಗಾಗಿ ಹೈಡ್ರಾಕ್ಸಿಯೂರಿಯ ಎಂಬ ಔಷಧ ಅಮೆರಿಕೆಯಲ್ಲಿ ಸಮ್ಮತಿ ಪಡೆದುದು ೧೯೯೮ರಲ್ಲಿ, ಅಂದರೆ ಪಾಲಿಂಗನ ಪ್ರಬಂಧದ ೪೯ ವರ್ಷಗಳ ತರುವಾಯ. ೨೦೨೩ರ ಡಿಸೆಂಬರಿನಲ್ಲಿ ಅದೇ ದೇಶ ವಂಶವಾಹಿಯನ್ನು ತಿದ್ದುವ ಚಿಕಿತ್ಸೆಗೂ ಸಮ್ಮತಿ ಕೊಟ್ಟಿತು. ಅದಕ್ಕೆ ಗೊತ್ತುಮಾಡಿದ ಬೆಲೆ ೨೨ ಲಕ್ಷ ಡಾಲರು. ರೋಗಿಗಳಲ್ಲಿ ಬಹುಪಾಲು ಮಂದಿ ಆಫ್ರಿಕ ಮತ್ತು ಭಾರತದ ಬಡಜನರೆಂಬುದನ್ನು ನೆನೆದರೆ, ಈ ವಿಜಯ ಯಾರ ಮನೆಯ ಬಾಗಿಲಿಗೆ ತಲುಪೀತೆಂಬ ಚಿಂತೆ ಸಹಜವಾಗಿ ಮೂಡುತ್ತದೆ.

೯

ಭಾರತದಲ್ಲಿ ೧೯೫೨ರ ತರುವಾಯ ಈ ಗುಣ ಮಧ್ಯಪ್ರದೇಶ, ಛತ್ತೀಸಗಢ, ಒಡಿಶಾ, ಮಹಾರಾಷ್ಟ್ರ, ಗುಜರಾತು ಮುಂತಾದ ಕಡೆಗಳಲ್ಲಿ ವ್ಯಾಪಕವಾಗಿ ಕಂಡುಬಂದಿತು. ಕರ್ನಾಟಕದ ದಕ್ಷಿಣದ ಕಾಡಂಚಿನಲ್ಲಿ, ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಸೋಲಿಗ, ಜೇನುಕುರುಬ ಮೊದಲಾದ ಗಿರಿಜನರಲ್ಲಿಯೂ ಅದು ಇದೆ. ಗಿರಿಜನರಲ್ಲದವರಲ್ಲಿಯೂ ಇದೆ; ೧೯೫೮ರಷ್ಟು ಹಿಂದೆಯೇ ಮಧ್ಯ ಭಾರತದ ಇತರ ಜನರಲ್ಲಿ ಅದನ್ನು ಶುಕ್ಲ ಮತ್ತು ಸೋಲಂಕಿ ವರದಿ ಮಾಡಿದ್ದರು. ೨೦೨೩ರ ಜುಲೈ ೧ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಕೇಂದ್ರ ಸರ್ಕಾರ ಕುಡುಗೋಲುಕಣ ರಕ್ತಹೀನತೆಯ ನಿರ್ಮೂಲನಕ್ಕಾಗಿ ರಾಷ್ಟ್ರೀಯ ಯೋಜನೆಯೊಂದನ್ನು ಆರಂಭಿಸಿತು. ಕರ್ನಾಟಕವೂ ಸೇರಿದಂತೆ ೧೭ ರಾಜ್ಯಗಳಲ್ಲಿ, ೪೦ ವರ್ಷದವರೆಗಿನ ೭ ಕೋಟಿ ಜನರನ್ನು ಪರೀಕ್ಷಿಸುವುದೂ, ೨೦೪೭ರೊಳಗೆ ವ್ಯಾಧಿಯನ್ನು ನಿವಾರಿಸುವುದೂ ಅದರ ಗುರಿ.

ಈ ಯೋಜನೆ ಸ್ವಾಗತಾರ್ಹವಾದದ್ದು. ನೀಲಗಿರಿಯ ವರದಿಯಿಂದ ಇಲ್ಲಿಯವರೆಗೆ ೭೧ ವರ್ಷಗಳು ಕಳೆದುಹೋದವು. ಆ ಅವಧಿಯಲ್ಲಿ ಕಾಡಂಚಿನ ಹಾಡಿಗಳಲ್ಲಿ ಕೈಕಾಲು ನೋವಿನಿಂದ ನರಳಿದ ಎಷ್ಟೋ ಮಕ್ಕಳ ಕಾಯಿಲೆಗೆ ಹೆಸರೇ ಇರಲಿಲ್ಲ. ಆದರೆ ನಮ್ಮಲ್ಲಿಯೂ ಇದನ್ನು ಗಿರಿಜನರ ರೋಗವೆಂದು ಕರೆಯುವ ರೂಢಿ ಬಲವಾಗುತ್ತಿರುವುದನ್ನು ನಾವು ಗಮನಿಸುತ್ತಿದ್ದೇವೆ. ಎಲ್ಲಿ ಹೆಚ್ಚಾಗಿದೆಯೋ ಅಲ್ಲಿ ಮೊದಲು ಹುಡುಕುವುದು ನ್ಯಾಯವೇ. ಆದರೆ ಅಲ್ಲಿ ಮಾತ್ರವೇ ಇದೆಯೆಂದು ನಂಬಿದರೆ ಷಿಕಾಗೊ ಮತ್ತು ಬಾಲ್ಟಿಮೋರಿನ ವೈದ್ಯರ ತಪ್ಪನ್ನು ನಾವು ನಮ್ಮ ಭಾಷೆಯಲ್ಲಿ ಮತ್ತೆ ಬರೆದಂತಾಗುತ್ತದೆ. ಪಟ್ಟಣದ ಆಸ್ಪತ್ರೆಗೆ ಬಂದ ಗಿರಿಜನೇತರ ರೋಗಿಯನ್ನು ಪರೀಕ್ಷಿಸದೆ ಕಳುಹಿಸುವುದು ಆ ತಪ್ಪಿನ ಒಂದು ಮುಖ. ವಾಹಕಳಾದ ಆರೋಗ್ಯವಂತ ಹೆಣ್ಣುಮಗಳ ಮದುವೆ, ಅವಳ ಕೈಯಲ್ಲಿರುವ ಪರೀಕ್ಷೆಯ ಚೀಟಿಯ ಕಾರಣದಿಂದ, ಮುರಿಯುವುದಾದರೆ ಅದು ಇನ್ನೊಂದು ಮುಖ. ಚೀಟಿ ಹೇಳುವುದು ಇಷ್ಟೇ: ಇಬ್ಬರು ವಾಹಕರು ಮದುವೆಯಾಗುವ ಮುನ್ನ ಸಂಭವವನ್ನು ತಿಳಿದಿರಲಿ. ಅದು ಕುಲದ ಮೇಲಿನ ತೀರ್ಪಲ್ಲ.

೧೦

ಮೇಲಣ ವಿವೇಚನೆಯಿಂದ ನಾವು ಎರಡು ಸಂಗತಿಗಳನ್ನು ನಿಗಮಿಸಬಹುದು. ಮೊದಲನೆಯದಾಗಿ, ಕುಡುಗೋಲುಕಣ ಒಂದು ಜನಾಂಗದ ಲಕ್ಷಣವೆಂಬ ನಂಬಿಕೆ ಸೂಕ್ಷ್ಮದರ್ಶಕದಿಂದ ಹುಟ್ಟಿದುದಲ್ಲ; ಸಮಾಜದಲ್ಲಿ ಮೊದಲೇ ಇದ್ದ ಭೇದಭಾವನೆಯಿಂದ ಹುಟ್ಟಿ, ಸೂಕ್ಷ್ಮದರ್ಶಕದ ಪ್ರಾಮಾಣ್ಯವನ್ನು ಎರವಲಾಗಿ ಪಡ��ದುದು. ಎರಡನೆಯದಾಗಿ, ನೀಲಗಿರಿಯ ಸಾಕ್ಷ್ಯ ಆ ನಂಬಿಕೆಯನ್ನು ಮುರಿದರೂ, ಅದರ ಚೌಕಟ್ಟನ್ನು ಕಳಚಲು ಮಲೇರಿಯದ ಸಿದ್ಧಾಂತ ಬರಬೇಕಾಯಿತು. ಪ್ರಮಾಣವೊಂದೇ ಸಾಲದು, ಅದನ್ನು ಅರ್ಥಮಾಡಿಕೊಳ್ಳುವ ಹೊಸ ದೃಷ್ಟಿಯೂ ಬೇಕು.

ಚರಿತ್ರೆಯ ವಿದ್ಯಾರ್ಥಿಗಳಿಗೆ ಇದರಿಂದ ಒಂದು ಎಚ್ಚರಿಕೆಯೂ ಲಭಿಸುತ್ತದೆ. ಪ್ರಾಚೀನ ಜನರ ವಲಸೆಯನ್ನು ರಕ್ತದ ಗುರುತುಗಳಿಂದಲೂ ಡಿ.ಎನ್.ಎ. ಮಾದರಿಗಳಿಂದಲೂ ನಿರ್ಣಯಿಸುವ ಉತ್ಸಾಹ ಇಂದು ನಮ್ಮ ಕ್ಷೇತ್ರದಲ್ಲಿ ಹೆಚ್ಚುತ್ತಿದೆ. ಆ ಸಾಧನಗಳನ್ನು ಬೇಡವೆನ್ನುವುದು ಅವಿವೇಕ. ಆದರೆ ಒಂದು ಗುರುತಿನಿಂದ ಒಂದು ಕುಲವನ್ನು ಊಹಿಸುವ ಮುನ್ನ, ಆ ಗುರುತು ಅಲ್ಲಿ ಉಳಿಯಲು ಕುಲವಲ್ಲದೆ ಬೇರೆ ಕಾರಣವಿರಬಹುದೇ ಎಂದು ಕೇಳಿಕೊಳ್ಳಬೇಕು. ನಾವು ಹುಡುಕದಿದ್ದ ಕಡೆಯಲ್ಲಿ ಅದು ಇರಬಹುದೇ ಎಂದೂ ಕೇಳಿಕೊಳ್ಳಬೇಕು. ಈ ಎರಡು ಪ್ರಶ್ನೆಗಳನ್ನು ೧೯೨೨ರಲ್ಲಿ ಕೇಳಿದ್ದರೆ, ನೋಯೆಲ್‌ನಂತಹ ರೋಗಿಗಳು ಜನಾಂಗದ ನಿದರ್ಶನಗಳಾಗದೆ ಮನುಷ್ಯರಾಗಿ ವೈದ್ಯಗ್ರಂಥಗಳಲ್ಲಿ ಉಳಿಯುತ್ತಿದ್ದರೆಂದು ನಾವು ಭಾವಿಸುತ್ತೇವೆ.